ಬುತ್ತಿಯಿಂದ ಖಾನಾವಳಿಯವರೆಗೆ

ಭೀಮಾತೀರದ ನಮ್ಮ ಹಿರಿಯರು ಊರು ಬಿಟ್ಟು ಹೊರಟರೆಂದರೆ ಮೊದಲು ಸಿದ್ಧವಾಗುತ್ತಿದ್ದುದು ಬುತ್ತಿ. ಭಂಡಾರಕವಠೆಯಿಂದ ಸಂಕ್ರಾಂತಿಯ ಗಡ್ಡಾ ಜಾತ್ರೆಗೆಂದು ಸೊಲ್ಲಾಪುರಕ್ಕೆ ಹೋಗಲಿ, ಏಕಾದಶಿಗೆ ಪಂಢರಪುರಕ್ಕೆ ನಡೆಯಲಿ, ಕೋರ್ಟು ಕಚೇರಿಯ ಕೆಲಸಕ್ಕಾಗಿ ಎರಡು ದಿನ ಹೊರಗಿರಲಿ, ಬಗಲಿನಲ್ಲಿ ಅರಿವೆಯ ಗಂಟೊಂದು ಇದ್ದೇ ಇರುತ್ತಿತ್ತು. ಅದರೊಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಒಂದೆರಡು ಉಳ್ಳಾಗಡ್ಡಿ. ದಾರಿಯಲ್ಲಿ ಬಾವಿಯೋ ಹಳ್ಳವೋ ಕಂಡರೆ ಗಂಟು ಬಿಚ್ಚುವುದು, ಉಣ್ಣುವುದು, ಮತ್ತೆ ನಡೆಯುವುದು.

ಇಂದು ಸೊಲ್ಲಾಪುರದ ಅಂಗಡಿಗಳಲ್ಲಿ ಅಂದವಾದ ಪೊಟ್ಟಣಗಳಲ್ಲಿ ಮಾರಾಟವಾಗುವ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಗಳನ್ನು ಪುಣೆ ಮುಂಬಯಿಯ ಜನರು ರುಚಿಗಾಗಿ ಕೊಳ್ಳುತ್ತಾರೆ. ಆದರೆ ಇವು ಪ್ರವಾಸಕ್ಕೆ ಒದಗುತ್ತಿದ್ದುದರ ಗುಟ್ಟು ರುಚಿಯೊಂದೇ ಆಗಿರಲಿಲ್ಲ. ರೋಗಾಣು ಬೆಳೆಯಲು ನೀರಿನ ಅಂಶ ಬೇಕು. ಬೆಂಕಿಯ ಬಳಿ ಒಣಗಿಸಿದ ಜೋಳದ ರೊಟ್ಟಿಯಲ್ಲಿ ಅದು ತೀರ ಕಡಿಮೆ. ಹುರಿದು ಕುಟ್ಟಿದ ಹಿಂಡಿಯಲ್ಲಿಯೂ ಕಡಿಮೆ, ಜೊತೆಗೆ ಉಪ್ಪು ಖಾರಗಳ ಬಲ ಬೇರೆ. ಸೂಕ್ಷ್ಮಜೀವಿ ಎಂಬ ಶಬ್ದವನ್ನು ಕೇಳರಿಯದ ನಮ್ಮ ಅಜ್ಜಿಯರು ವಾರವಿಟ್ಟರೂ ಕೆಡದ ಊಟವೊಂದನ್ನು ಕೈಗೂಡಿಸಿಕೊಂಡಿದ್ದರು.

ಬುತ್ತಿ ಕಟ್ಟುವುದಕ್ಕೆ ಬಡತನವು ಒಂದು ಕಾರಣ. ಜಾತಿಯು ಇನ್ನೊಂದು. ಇವೆರಡರ ಜೊತೆಗೆ ಮೂರನೆಯದೊಂದಿತ್ತು, ಅದು ಅಪನಂಬಿಕೆ. ಕಾಣದ ಒಲೆಯ ಮೇಲೆ, ಕಾಣದ ಕೈಯಿಂದ, ಯಾವ ನೀರಿನಲ್ಲಿ ಬೆಂದಿತೋ ತಿಳಿಯದ ಅನ್ನವನ್ನು ಹಣ ಕೊಟ್ಟು ಉಣ್ಣುವುದು ಹೇಗೆ? ಸಮ್ಮೇಳನಗಳ ಸಂಚಿಕೆಗಳಲ್ಲಿ ರಾಜರ, ಕವಿಗಳ, ದೇವಾಲಯಗಳ ಚರಿತ್ರೆ ಸಾಕಷ್ಟು ಬಂದಿದೆ. ಈ ಸಲ ನಾವು ಈ ಪ್ರಶ್ನೆಯ ಚರಿತ್ರೆಯನ್ನು ಹೇಳಲು ಹೊರಟಿದ್ದೇವೆ. ಹಣ ಕೊಟ್ಟು ಉಣ್ಣುವ ಊಟವನ್ನು ನಂಬುವುದಕ್ಕೆ ನಮ್ಮ ಜನರು ಕಾಲಕಾಲಕ್ಕೆ ಯಾವ ಯಾವ ಆಧಾರಗಳನ್ನು ಹಿಡಿದರು, ಅವುಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂಬುದು ಇಲ್ಲಿಯ ವಿಷಯ.

ಅಪನಂಬಿಕೆಗೆ ಆಧಾರವಿರಲಿಲ್ಲವೆಂದು ಯಾರೂ ಹೇಳಲಾರರು. ನಮ್ಮ ಊರ ಮಗ್ಗುಲಲ್ಲಿ ಹರಿಯುವ ಭೀಮೆಯ ಮೇಲ್ದಂಡೆಯಲ್ಲಿಯೇ ಪಂಢರಪುರವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಯಾತ್ರೆಗಳೆಂದರೆ ವಾಂತಿಭೇದಿಯ ಭಯ ತಪ್ಪಿದ್ದಲ್ಲ. ಮನೆಗೆ ಮರಳುವ ಯಾತ್ರಿಕರೊಡನೆ ಬೇನೆಯೂ ಹಳ್ಳಿಹಳ್ಳಿಗೆ ಬರುತ್ತಿತ್ತು. ಅದು ದೇವಿಯ ಕೋಪವೆಂದು ನಮ್ಮವರು ತಿಳಿದರು, ಕೆಟ್ಟ ಗಾಳಿಯೆಂದು ಯುರೋಪಿನವರು ತಿಳಿದರು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಒಂದು ಬೀದಿಯ ಪಂಪಿನ ನೀರಿಗೂ ಆ ಬೇನೆಗೂ ಇರುವ ಸಂಬಂಧವನ್ನು ತೋರಿಸಿದನು. ಜರ್ಮನಿಯ ರಾಬರ್ಟ್ ಕೋಖ್ 1884ರಲ್ಲಿ ನಮ್ಮದೇ ಕಲಕತ್ತೆಯಲ್ಲಿ ಕುಳಿತು ಅದರ ಜೀವಾಣುವನ್ನು ಬೇರ್ಪಡಿಸಿದನು. ಆ ಮೊದಲೂ ಆ ನಂತರವೂ ಬಹಳ ಕಾಲ ನಮ್ಮ ಯಾತ್ರಿಕನಿಗೆ ಇದ್ದ ರಕ್ಷಣೆಯೆಂದರೆ ಬಗಲಿನ ಗಂಟು.

ಇನ್ನು ಅನ್ನವನ್ನು ಮಾರುವುದೇ ಹೀನವೆಂಬ ಭಾವನೆಯೂ ನಮ್ಮಲ್ಲಿ ಬಲವಾಗಿತ್ತು. ಅನ್ನ ಇಕ್ಕುವುದಕ್ಕೆ, ಬೆಲೆ ಕಟ್ಟುವುದಕ್ಕಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದ ಹನ್ನೆರಡನೆಯ ಶತಮಾನವು ದಾಸೋಹದ ಶತಮಾನವೂ ಹೌದು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಬಲ್ಲದವರು ನಮ್ಮ ಸಂಘದಲ್ಲಿ ಇರಲಾರರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಅಕ್ಕಿ ಎಲ್ಲಿಂದ ಬಂದಿತು, ಹೇಗೆ ಬಂದಿತು, ಎಷ್ಟು ಬಂದಿತು ಎಂದು ಅಡುಗೆಗೆ ಮೊದಲೇ ಕೇಳಿದ ಗೃಹಿಣಿ ಅವಳು. ಊಟದ ಪ್ರಾಮಾಣಿಕತೆಯ ವಿಷಯದಲ್ಲಿ ಕನ್ನಡಿಗರಿಗೆ ಬೇರೆ ಗುರು ಬೇಕಿಲ್ಲವೆಂದು ನಮಗೆ ಅನ್ನಿಸುತ್ತದೆ.

ಆದರೆ ದಾನದ ಅನ್ನವೆಂದ ಮಾತ್ರಕ್ಕೆ ಅದು ತಾನಾಗಿಯೇ ಸುರಕ್ಷಿತವಾಗದು. ಮದುವೆ ಜಾತ್ರೆಗಳ ಊಟದಿಂದ ಊರಿಗೆ ಊರೇ ಆಸ್ಪತ್ರೆ ಸೇರಿದ ಸುದ್ದಿ ಪ್ರತಿ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. ಅಕ್ಕಲಕೋಟೆಯಲ್ಲಿ 1988ರಿಂದ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳವು ಯಾತ್ರಿಕರಿಗೆ ನಿತ್ಯ ಊಟವಿಕ್ಕುತ್ತಿದೆ. ಅಂತಹ ದೊಡ್ಡ ಒಲೆಗಳಿಗೆ ಭಕ್ತಿಯ ಜೊತೆಗೆ ಶಿಸ್ತೂ ಬೇಕೆಂಬುದನ್ನು ಅರಿತೇ ಕೇಂದ್ರದ ಆಹಾರ ಪ್ರಾಧಿಕಾರವು ದೇವಸ್ಥಾನಗಳ ಪ್ರಸಾದದ ಅಡುಗೆಮನೆಗಳಿಗೂ ಪರಿಶೀಲನೆಯ ಯೋಜನೆಯೊಂದನ್ನು ಇಟ್ಟಿದೆ.

ಮಾರುವ ಅನ್ನದ ಚರಿತ್ರೆಗೆ ಬರೋಣ. ಅದೂ ಪ್ರಾಚೀನವೇ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಯಿಸಿದ ಅನ್ನವನ್ನೂ ಬೇಯಿಸಿದ ಮಾಂಸವನ್ನೂ ಮಾರುವವರ ಉಲ್ಲೇಖವಿದೆ. ಧಾನ್ಯ, ಎಣ್ಣೆ ತುಪ್ಪ, ಕ್ಷಾರ, ಉಪ್ಪು, ಸುಗಂಧ, ಔಷಧ ಇವುಗಳಲ್ಲಿ ಅದೇ ಬಣ್ಣದ ಬೇರೆ ಪದಾರ್ಥವನ್ನು ಬೆರೆಸಿದವನಿಗೆ 12 ಪಣ ದಂಡ. ಅದೇ ಬಣ್ಣದ್ದು ಎಂಬ ಮಾತನ್ನು ಗಮನಿಸಬೇಕು. ಕಲಬೆರಕೆಯ ಜೀವಾಳವನ್ನು ಆ ಕಾಲದ ಶಾಸ್ತ್ರಕಾರನು ಒಂದೇ ಪದದಲ್ಲಿ ಹಿಡಿದಿದ್ದಾನೆ. ಎರಡು ಸಾವಿರ ವರ್ಷಗಳ ತರುವಾಯ ಜಿಲೇಬಿಗೆ ಬೀಳುವ ಮೆಟಾನಿಲ್ ಹಳದಿ ಬಣ್ಣಕ್ಕೂ, ಒಮ್ಮೆ ಕುದಿಸಿ ಒಣಗಿಸಿದ ಚಹಾಪುಡಿಗೆ ಮತ್ತೆ ಹಾಕುವ ಬಣ್ಣಕ್ಕೂ ಆ ಮಾತು ಸರಿಯಾಗಿ ಹೊಂದುತ್ತದೆ.

ಅದೇ ಗ್ರಂಥದಲ್ಲಿ ಅರಸನ ಊಟದ ರಕ್ಷಣೆಗೆ ಏನೆಲ್ಲ ಏರ್ಪಾಡುಗಳಿವೆ! ಅನ್ನವನ್ನು ಬೆಂಕಿಗೆ ಹಾಕಿ ಜ್ವಾಲೆಯ ಬಣ್ಣ ನೋಡುವುದು, ಹಕ್ಕಿಗಳಿಗೆ ಹಾಕಿ ಅವುಗಳ ಚೇಷ್ಟೆ ನೋಡುವುದು, ಅಡುಗೆಯವನೇ ಮೊದಲು ರುಚಿ ನೋಡುವುದು. ನಮ್ಮ ಸೀಮೆಯನ್ನು ಆಳಿದ ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೂ ಪಾಕವು ಶಾಸ್ತ್ರದ ಗೌರವವನ್ನು ಪಡೆದಿತ್ತು. ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ಕನ್ನಡದ ಲೋಕೋಪಕಾರದಲ್ಲಿ ಪಾಕಶಾಸ್ತ್ರವೂ ಇದೆ, ವಿಷವೈದ್ಯವೂ ಇದೆ. ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅನ್ನಭೋಗಕ್ಕೇ ಪ್ರತ್ಯೇಕ ಭಾಗವಿದೆ. ಅರಮನೆಯ ತಾಟಿನ ಸುತ್ತ ಇಷ್ಟೊಂದು ಕಣ್ಣುಗಳು ಕಾವಲಿದ್ದವು. ಸಂತೆಯಲ್ಲಿ ಕಾಸು ಕೊಟ್ಟು ಉಣ್ಣುವ ಬಡವನಿಗೆ ದಕ್ಕಿದ್ದು ಆ 12 ಪಣದ ದಂಡ, ಅದೂ ಅಧಿಕಾರಿಯ ಕಣ್ಣಿಗೆ ಬಿದ್ದರೆ.

ನಮ್ಮ ಜಿಲ್ಲೆಯಲ್ಲಿ ಹೊರಗಿನ ಊಟವು ನಿತ್ಯದ ಮಾತಾದುದು ರೈಲು ಮತ್ತು ಗಿರಣಿಗಳಿಂದ. 1860ರ ಹೊತ್ತಿಗೆ ರೈಲು ಸೊಲ್ಲಾಪುರವನ್ನು ಮುಟ್ಟಿತು. 1877ರಲ್ಲಿ ಮೊದಲ ನೂಲಿನ ಗಿರಣಿ ನಡೆಯತೊಡಗಿತು. ಅದು ಮಹಾ ಬರಗಾಲದ ವರ್ಷ. ಹಸಿದ ಹಳ್ಳಿಗಳಿಂದ ಗಿರಣಿಯ ಕೊಂಬಿನ ಕರೆಗೆ ಬಂದವರಲ್ಲಿ ಕನ್ನಡಿಗರು, ತೆಲುಗರು, ಮರಾಠಿಗರು ಎಲ್ಲರೂ ಇದ್ದರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವನಿಗೆ ಪಾಳಿಯ ಕೆಲಸ ಮುಗಿಸಿ ರೊಟ್ಟಿ ಬಡಿದುಕೊಳ್ಳುವ ಶಕ್ತಿ ಎಲ್ಲಿಯದು? ತಿಂಗಳಿಗಿಷ್ಟು ಎಂದು ಕೊಟ್ಟು ಎರಡು ಹೊತ್ತು ಉಣ್ಣುವ ಖಾನಾವಳಿಯು ಇಂತಹವರಿಗಾಗಿ ಬೆಳೆಯಿತು. ಮುಂಬಯಿಯ ಗಿರಣಗಾವದಲ್ಲಿಯೂ ಇದೇ ಕಥೆ. ಅಲ್ಲಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಹೆಂಗಸರನ್ನು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವೆಂದು ಒಟ್ಟುಗೂಡಿಸಿದರು. ಅಷ್ಟು ಕಾಲದವರೆಗೆ ಆ ತಾಯಂದಿರ ದುಡಿಮೆಯನ್ನು ಉದ್ಯೋಗವೆಂದು ಲೆಕ್ಕಿಸಿದವರೇ ವಿರಳ.

ಹಣ ಕೊಟ್ಟು ಉಣ್ಣುವವನು ಯಾವುದನ್ನು ನೋಡಿ ನಂಬಬೇಕು? ಆ ಕಾಲ ಕೊಟ್ಟ ಉತ್ತರ ಜಾತಿಯ ಹಲಗೆ. ಬ್ರಾಹ್ಮಣರ ಫಳಾಹಾರ ಮಂದಿರ, ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ ಎಂದು ಬಾಗಿಲ ಮೇಲೆ ಬರೆದರೆ ಒಳಗಿನ ಅಡುಗೆಗೆ ಅದೇ ಜಾಮೀನು. ಪರಊರಿನಲ್ಲಿ ಮನೆಯ ರುಚಿ, ಶಾಕಾಹಾರದ ಭರವಸೆ ಈ ಹಲಗೆಗಳಿಂದ ದೊರೆಯುತ್ತಿದ್ದುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಇಂದಿಗೂ ಲಿಂಗಾಯತ ಖಾನಾವಳಿ ಎಂಬ ಹಲಗೆ ಕಂಡರೆ ಎಣ್ಣೆಗಾಯಿ, ಝುಣಕ, ಬಿಸಿ ರೊಟ್ಟಿ ಸಿಕ್ಕೀತೆಂದು ನಾಲಗೆ ಹಿಗ್ಗುತ್ತದೆ. ಆದರೆ ರುಚಿಯ ಗುರುತು ಬೇರೆ, ಸ್ವಚ್ಛತೆಯ ಜಾಮೀನು ಬೇರೆ. ಮಡಿಯ ಬಟ್ಟೆಯುಟ್ಟ ಕೈಯಲ್ಲಿ ಕೀವಾದ ಗಾಯವಿದ್ದರೆ ಆ ಕೈ ಕಲಸಿದ ಹಿಟ್ಟು ವಾಂತಿ ತರಿಸುತ್ತದೆ. ಕುದಿಸಿದ ಬಳಿಕವೂ ಸ್ಟೆಫಿಲೊಕಾಕಸಿನ ವಿಷ ಹೋಗುವುದಿಲ್ಲ. ಇದಕ್ಕೆ ಕುಲ ಗೋತ್ರಗಳ ಗುರುತಿಲ್ಲ.

ಈ ಮಾತಿಗೆ ಅಮೇರಿಕೆಯ ಅಡುಗೆಯವಳೊಬ್ಬಳ ಚರಿತ್ರೆಗಿಂತ ಸ್ಪಷ್ಟ ನಿದರ್ಶನವಿಲ್ಲ. ಮೇರಿ ಮ್ಯಾಲನ್ ಎಂಬ ಆಕೆ ನ್ಯೂಯಾರ್ಕಿನ ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ಒಳ್ಳೆಯ ಅಡುಗೆ. ಆಕೆ ದುಡಿದ ಮನೆಗಳಲ್ಲಿ ಮಾತ್ರ ಒಂದರ ಹಿಂದೊಂದು ವಿಷಮಶೀತ ಜ್ವರ. ತನಗೆ ಬೇನೆಯಿಲ್ಲದೆಯೇ ಬೇನೆಯನ್ನು ಹೊತ್ತು ತಿರುಗುವವರು ಇದ್ದಾರೆಂಬುದು ಆಕೆಯಿಂದ ಅಮೇರಿಕೆಗೆ ತಿಳಿಯಿತು. 1907ರಲ್ಲಿ ಆಕೆಯನ್ನು ಪ್ರತ್ಯೇಕವಾಗಿರಿಸಿದರು. ಇನ್ನು ಅಡುಗೆ ಮಾಡುವುದಿಲ್ಲವೆಂಬ ಮಾತಿನ ಮೇಲೆ ಬಿಟ್ಟರು. 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ ಬೇರೆ ಹೆಸರಿನಿಂದ ಅಡುಗೆಗೆ ಸೇರಿದ್ದ ಆಕೆ ಮತ್ತೆ ಸಿಕ್ಕಳು, ಅಷ್ಟರಲ್ಲಿ ಅಲ್ಲಿ ಜ್ವರ ಹರಡಿತ್ತು. ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕೆಂದು ಇಂದಿನ ನಮ್ಮ ನಿಯಮ ಹೇಳುವುದನ್ನು ಕೇಳಿ ಕೆಲವು ಹೋಟೆಲು ಮಾಲೀಕರು ನಗುತ್ತಾರೆ. ಅವರು ಈ ಕಥೆಯನ್ನು ಓದಬೇಕು.

ಸರಕಾರದ ಕಾನೂನು ಈ ಕ್ಷೇತ್ರಕ್ಕೆ ತಡವಾಗಿ ಬಂದಿತು. 1858ರಲ್ಲಿ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಪಟ್ಟಣದಲ್ಲಿ ಪೆಪ್ಪರಮಿಂಟಿನ ಮಿಠಾಯಿ ತಿಂದು ಸುಮಾರು 20 ಜನ ಸತ್ತರು. ಸಕ್ಕರೆ ಉಳಿಸಲೆಂದು ಬಿಳಿಯ ಪುಡಿಯೊಂದನ್ನು ಬೆರೆಸುವುದು ಅಲ್ಲಿ ರೂಢಿಯಾಗಿತ್ತು. ಆ ದಿನ ಅಂಗಡಿಯಲ್ಲಿ ಪೀಪಾಯಿ ತಪ್ಪಿ ಪಾಷಾಣದ ಪುಡಿ ಬಂದಿತು. ಇಲ್ಲಿಯೂ ನೋಡಿರಿ, ಅದೇ ಬಣ್ಣದ ಪದಾರ್ಥ. 1860ರಲ್ಲಿ ಅವರು ಕಲಬೆರಕೆಯ ವಿರುದ್ಧ ಕಾನೂನು ಮಾಡಿದರು. ಅದೇ 1860ರಲ್ಲಿ ಭಾರತೀಯ ದಂಡಸಂಹಿತೆಯೂ ಆಯಿತು. ಅದರ 272 ಮತ್ತು 273ನೆಯ ಕಲಮುಗಳು ಆಹಾರವನ್ನು ಅಪಾಯಕರವಾಗುವಂತೆ ಕೆಡಿಸುವವರಿಗೂ ಅಂತಹುದನ್ನು ಮಾರುವವರಿಗೂ 6 ತಿಂಗಳವರೆಗಿನ ಸೆರೆ ಅಥವಾ 1000 ರೂಪಾಯಿಯವರೆಗಿನ ದಂಡ ಎಂದವು. ಆ ಕಾಲಕ್ಕೆ ಸಾವಿರ ರೂಪಾಯಿ ಎಂದರೆ ಮನೆಮಾರು ಮಾರುವ ಮೊತ್ತ. ನಾವು ಮುದುಕರಾಗುವವರೆಗೆ ಅದು ಅಷ್ಟೇ ಉಳಿಯಿತು! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ದಂಡವು 5000 ಆಗಿದೆ. ನೂರಾ ಅರವತ್ತು ವರ್ಷಗಳಲ್ಲಿ ಐದು ಪಟ್ಟು. ಒಂದು ತಾಟು ಊಟದ ಬೆಲೆ ಎಷ್ಟು ಪಟ್ಟು ಏರಿತೆಂಬ ಲೆಕ್ಕವನ್ನು ಓದುಗರೇ ಹಾಕಲಿ.

ಮುಂಬಯಿ ಪ್ರಾಂತಕ್ಕೆ 1925ರಲ್ಲಿ ಕಲಬೆರಕೆ ತಡೆಯ ಪ್ರತ್ಯೇಕ ಕಾಯಿದೆ ಬಂದಿತು. ಆದರೆ ಸೊಲ್ಲಾಪುರ ಬ್ರಿಟಿಷರದು, ಅಕ್ಕಲಕೋಟೆ 1948ರವರೆಗೆ ಭೋಸಲೆ ಅರಸರ ಸಂಸ್ಥಾನ. ಒಂದೇ ಭಾಷೆ, ಒಂದೇ ಊಟ, ನಡುವೆ ಕೆಲವೇ ಹರದಾರಿ. ಆಳ್ವಿಕೆ ಮಾತ್ರ ಬೇರೆ ಬೇರೆ.

ಇಷ್ಟರಲ್ಲಿ ಕಾನೂನು ಕಾಯದೆಯೇ ಒಂದು ದಾರಿಯನ್ನು ಕಂಡುಕೊಂಡ ಕನ್ನಡಿಗರೊಬ್ಬರ ಮಾತು ಹೇಳಬೇಕು. ಉಡುಪಿ ಸೀಮೆಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಮತ್ತು ಅವರ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರ ಗೃಹದ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಆ ಕಾಲದ ರೂಢಿಯಂತೆ ಜಾತಿಯ ಹಲಗೆಯೇ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಅಡುಗೆಮನೆಗಳನ್ನು ಕಣ್ಣಾರೆ ನೋಡಿ ಬಂದರು. ಬಂದ ಮೇಲೆ ಲೋಟ ತಟ್ಟೆ ಚಮಚೆಗಳನ್ನು ಉಗಿಯಿಂದ ಶುದ್ಧಿಗೊಳಿಸುವ ಕ್ರಮವನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಹಾಯ್ದು ಊಟದ ಕೋಣೆಗೆ ಹೋಗುವ ಏರ್ಪಾಡು ಅಲ್ಲಿತ್ತೆಂಬುದು ಪ್ರಸಿದ್ಧ. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಹೊಸ ಕಟ್ಟಡಕ್ಕೆ ಬಂದಾಗ ಹಳೆಯ ಹೆಸರು ಹೋಗಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಇಂದು ದೇಶವೆಲ್ಲ ಎಂಟಿಆರ್ ಎಂದು ಕರೆಯುವುದು ಇದನ್ನೇ. ಜಾತಿಯ ಹೆಸರು ಇದ್ದಲ್ಲಿ ಓಣಿಯ ಹೆಸರು ಬಂದುದು ಸಣ್ಣ ಸಂಗತಿಯಾಗಿ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಸರಕಾರವು ಹೋಟೆಲುಗಳ ತಿಂಡಿಗೆ ಅಗ್ಗದ ದರವನ್ನು ಕಟ್ಟಿದಾಗ, ಇವರು ಗುಣವನ್ನು ಇಳಿಸಲೊಪ್ಪದೆ ಆ ದರಕ್ಕೇ ಬಡಿಸಿ, ಆ ದಿನ ಆದ ನಷ್ಟವೆಷ್ಟೆಂದು ಗಿರಾಕಿಗಳಿಗೆ ಕಾಣುವಂತೆ ಹಲಗೆಯ ಮೇಲೆ ಬರೆದಿಟ್ಟರು. ಕೊನೆಗೆ ಕೆಲಕಾಲ ಬಾಗಿಲು ಮುಚ್ಚಬೇಕಾಯಿತು. ಸಾರಿಗೆ ಇನ್ನಷ್ಟು ನೀರು ಹಾಕುವ ಸುಲಭದ ದಾರಿ ಅವರಿಗೂ ತೆರೆದೇ ಇತ್ತು.

ಈಗ ನಮ್ಮ ಲೇಖನದ ಮುಖ್ಯ ದಿನಾಂಕಕ್ಕೆ ಬರುತ್ತೇವೆ: 1955ರ ಜೂನ್ 1. ಅಂದು ದೇಶದಲ್ಲಿ ಎರಡು ಕಾನೂನುಗಳು ಜಾರಿಗೆ ಬಂದವು. ಒಂದು 1954ರ ಆಹಾರ ಕಲಬೆರಕೆ ತಡೆ ಕಾಯಿದೆ. ಇನ್ನೊಂದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ. ಒಂದನ್ನು ಆರೋಗ್ಯದ ಚರಿತ್ರೆಯವರು ಹೇಳುತ್ತಾರೆ, ಇನ್ನೊಂದನ್ನು ಸಾಮಾಜಿಕ ಚರಿತ್ರೆಯವರು ಹೇಳುತ್ತಾರೆ. ಎರಡೂ ಒಂದೇ ದಿನದ ಕೂಸುಗಳೆಂಬುದು ಸಾಮಾನ್ಯವಾಗಿ ಮರೆತುಹೋಗಿದೆ. ಹೋಟೆಲಿನ ಬಾಗಿಲಲ್ಲಿ ನಿಂತು ನೋಡಿದರೆ ಎರಡೂ ಒಂದೇ ಗೋಡೆಯನ್ನು ಎರಡು ಕಡೆಯಿಂದ ಕೆಡವಿದಂತೆ ಕಾಣುತ್ತವೆ.

ಮೊದಲನೆಯ ಕಾಯಿದೆಯು ಪ್ರಾಂತಕ್ಕೊಂದರಂತೆ ಇದ್ದ ಕಾನೂನುಗಳನ್ನು ತೆಗೆದು ದೇಶಕ್ಕೆಲ್ಲ ಒಂದೇ ಕ್ರಮವನ್ನು ತಂದಿತು. ಆಹಾರ ನಿರೀಕ್ಷಕನು ಅಂಗಡಿಯ ಒಳಗೆ ಹೋಗಿ ಮಾದರಿಯನ್ನು ಪಡೆಯಬಹುದು. ಪಡೆದುದನ್ನು ಮೂರು ಪಾಲು ಮಾಡಿ, ಮೊಹರು ಹಾಕಿ, ಒಂದನ್ನು ಮಾರಿದವನಿಗೇ ಕೊಡಬೇಕು. ಕದ್ದು ಬೆರೆಸಿದವನಿಗೂ ನ್ಯಾಯದ ಪಾಲು ತಪ್ಪಬಾರದೆಂಬುದು ಅದರ ಭಾವ. ಎರಡನೆಯ ಕಾಯಿದೆಯ 4ನೆಯ ಕಲಮು ಸಾರ್ವಜನಿಕ ಉಪಾಹಾರ ಗೃಹ ಮತ್ತು ಹೋಟೆಲುಗಳ ಪ್ರವೇಶವನ್ನು ಅಸ್ಪೃಶ್ಯತೆಯ ಕಾರಣದಿಂದ ತಡೆಯುವುದನ್ನು ಅಪರಾಧವೆಂದಿತು. ಅಷ್ಟಕ್ಕೆ ನಿಲ್ಲದೆ, ಅಲ್ಲಿಯ ಪಾತ್ರೆಗಳನ್ನು ಬಳಸಗೊಡದಿರುವುದನ್ನೂ ಹೆಸರಿಸಿ ಹೇಳಿತು. ಸಂವಿಧಾನದ 15ನೆಯ ಅನುಚ್ಛೇದದಲ್ಲಿಯೇ ಅಂಗಡಿ, ಹೋಟೆಲುಗಳ ಮಾತು ಬಂದಿತ್ತು. ಪಾತ್ರೆಯ ಮಾತನ್ನು ಸ್ಪಷ್ಟವಾಗಿ ಹೇಳಿದ್ದು ಈ ಕಾಯಿದೆ. ನಮ್ಮ ಸೀಮೆಯ ಊರುಗಳಲ್ಲಿ ಬಾಳಿದವರಿಗೆ ಆ ಮಾತು ಏಕೆ ಬೇಕಾಯಿತೆಂದು ತಿಳಿಯುತ್ತದೆ. ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಒಂದೆರಡು ಕಿವಿಯಿಲ್ಲದ ಕಪ್ಪುಗಳು ಇರುತ್ತಿದ್ದವು. ಕೆಲವರು ಅವನ್ನು ತಾವೇ ತೆಗೆದು, ಹೊರಗೆ ಕುಳಿತು ಚಹಾ ಹೊಯ್ಸಿಕೊಂಡು, ತಾವೇ ತೊಳೆದಿಟ್ಟು ಹೋಗಬೇಕಾಗಿತ್ತು. ಕಾಯಿದೆಯಾಗಿ ಹತ್ತು ವರ್ಷ ಕಳೆದ ಮೇಲೂ ನಾವು ಅದನ್ನು ನೋಡಿದ್ದೇವೆ.

ಆ ಹೊರಗಿನ ಕಪ್ಪಿನಲ್ಲಿ ಒಂದು ವಿಪರೀತವೂ ಇತ್ತು. ಒಳಗಿನವರ ಕಪ್ಪುಗಳು ಒಂದೇ ಬಕೀಟಿನ ಬೂದುಬಣ್ಣದ ನೀರಿನಲ್ಲಿ ನೂರು ಸಲ ಮುಳುಗಿ ಏಳುತ್ತಿದ್ದವು. ಹೊರಗಿನದನ್ನು ಅದರ ಬಳಕೆದಾರನೇ ಉಜ್ಜಿ ತೊಳೆಯುತ್ತಿದ್ದನು. ಶುದ್ಧಿಯ ಹೆಸರಿನಲ್ಲಿ ಕಟ್ಟಿದ ಗೋಡೆಯ ಒಳಗೆ ಶುದ್ಧಿ ಎಷ್ಟಿತ್ತೆಂಬುದಕ್ಕೆ ಆ ಬಕೀಟು ಸಾಕ್ಷಿ. ಮಡಿಯನ್ನು ಸ್ವಚ್ಛತೆಯೆಂದು ಎಣಿಸಿದ್ದರಿಂದ ನಾವು ಎರಡು ನಷ್ಟಗಳನ್ನು ಅನುಭವಿಸಿದೆವು: ನೆರೆಯವನನ್ನು ಅವಮಾನಿಸಿದೆವು, ಅಡುಗೆಮನೆಯನ್ನು ನೋಡುವುದನ್ನು ಬಿಟ್ಟೆವು.

ಕಾನೂನು ತನ್ನ ಜಾಣತನವನ್ನು ಎಲ್ಲಿ ತೋರಿತೆಂಬುದಕ್ಕೆ ತುಪ್ಪದ ಉದಾಹರಣೆ ಸೊಗಸಾದುದು. 1937ರಲ್ಲಿ ಡಾಲ್ಡಾ ಪೇಟೆಗೆ ಬಂದ ಮೇಲೆ ವನಸ್ಪತಿಯು ತುಪ್ಪದೊಡನೆ ಬೆರೆಯತೊಡಗಿತು. ನೋಟಕ್ಕೆ ಹರಳು ಹರಳು, ಬಿಳುಪು, ಗುರುತು ಹಿಡಿಯುವುದು ಕಷ್ಟ. ಆಗ ಸರಕಾರವು ವನಸ್ಪತಿಯನ್ನು ತಯಾರಿಸುವವರೆಲ್ಲ ಅದರಲ್ಲಿ ನೂರಕ್ಕೆ 5 ಪಾಲು ಎಳ್ಳೆಣ್ಣೆಯನ್ನು ಕಡ್ಡಾಯವಾಗಿ ಬೆರೆಸಬೇಕೆಂದು ನಿಯಮ ಮಾಡಿತು. ಎಳ್ಳೆಣ್ಣೆಯಲ್ಲಿರುವ ಒಂದು ಅಂಶವು ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಲ್ ಸೇರಿದರೆ ಕೆಂಪೇರುತ್ತದೆ. ಶುದ್ಧ ತುಪ್ಪವೆಂದು ಬಡಿಸಿದುದು ಪರೀಕ್ಷಾ ನಳಿಗೆಯಲ್ಲಿ ಗುಲಾಬಿಯಾಯಿತೆಂದರೆ ಕಳ್ಳ ಸಿಕ್ಕನು. ಹೀಗೆ ಸುಳ್ಳಿನ ಹೊಟ್ಟೆಯಲ್ಲಿಯೇ ಸಾಕ್ಷಿಯನ್ನು ಇಟ್ಟ ನಿಯಮ ಬೇರೊಂದನ್ನು ನಾವು ಅರಿಯೆವು.

ಸೊಲ್ಲಾಪುರದಲ್ಲಿ ಓದುತ್ತಿದ್ದ ದಿನಗಳಲ್ಲಿ ನಮಗೆ ಊಟ ಒಂದು ಸಣ್ಣ ಖಾನಾವಳಿಯಲ್ಲಿ. ನಡೆಸುತ್ತಿದ್ದವರು ಇಂಡಿ ಕಡೆಯ ಒಬ್ಬ ವಿಧವೆ ತಾಯಿ. ನಾವೆಲ್ಲ ಅವರನ್ನು ಅವ್ವಾ ಎಂದೇ ಕರೆಯುತ್ತಿದ್ದೆವು. ಉಣ್ಣುವ ಪಡಸಾಲೆಗೂ ಒಲೆಗೂ ನಡುವೆ ಗೋಡೆಯಿರಲಿಲ್ಲ. ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಕೈ ತೊಳೆಯುವುದು ಎಲ್ಲವೂ ಎದುರಿಗೇ. ರಾತ್ರಿ ಉಳಿದ ಪಲ್ಯವನ್ನು ಮುಂಜಾನೆ ಬಡಿಸುವುದಾದರೆ, ಇದು ನಿನ್ನೀದು, ಬೇಕಾದವ್ರು ಉಣ್ರಪಾ, ಎಂದು ಹೇಳಿಯೇ ಬಡಿಸುತ್ತಿದ್ದರು. ಅದೇ ಪೇಟೆಯ ಇನ್ನೊಂದು ಕಡೆ, ಅದರ ಹೆಸರು ಇಲ್ಲಿ ಬೇಡ, ಎದ್ದುಹೋದವರ ತಾಟಿನ ಅಂಚಿನ ಹಿಂಡಿ ಮರಳಿ ಡಬ್ಬಿ ಸೇರುವುದನ್ನು ನಾವು ಕಂಡೆವು. ಅಲ್ಲಿ ಫರಸಿ ಹೊಳೆಯುತ್ತಿತ್ತು, ಗೋಡೆಗೆ ಕನ್ನಡಿಯಿತ್ತು, ಅಡುಗೆಮನೆಗೆ ಪರದೆಯಿತ್ತು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಎ. ರಾಮಾ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೆಸರಾದುದು ಅಡುಗೆಮನೆಯನ್ನು ಗಿರಾಕಿಗಳಿಗೆ ತೆರೆದಿಟ್ಟ ಕಾರಣಕ್ಕೂ ಹೌದು ಎಂದು ಮುಂದೆ ಓದಿದಾಗ, ಸೊಲ್ಲಾಪುರದ ಆ ಅವ್ವನ ಗೋಡೆಯಿಲ್ಲದ ಮನೆ ನೆನಪಾಯಿತು.

1954ರ ಕಾಯಿದೆಯ ಸ್ಥಾನಕ್ಕೆ 2006ರ ಆಹಾರ ಸುರಕ್ಷೆ ಮತ್ತು ಗುಣಮಟ್ಟ ಕಾಯಿದೆ ಬಂದು 2011ರ ಆಗಸ್ಟ್ 5ರಿಂದ ನಡೆಯುತ್ತಿದೆ. ಕಲಬೆರಕೆ ಎಂಬ ಮಾತಿನ ಬದಲು ಸುರಕ್ಷೆ ಎಂಬ ಮಾತು ಬಂದುದೇ ಇದರ ವಿಶೇಷ. ಬೆರೆಸಿದರೆ ಮಾತ್ರ ತಪ್ಪಲ್ಲ, ಹೊಲಸು ಜಾಗದಲ್ಲಿ ಬೇಯಿಸಿದರೂ ತಪ್ಪು; ಅದಕ್ಕೆ 1 ಲಕ್ಷ ರೂಪಾಯಿಯವರೆಗೆ ದಂಡವುಂಟು. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ 7 ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಸತ್ತವನ ಮನೆಯವರಿಗೆ 5 ಲಕ್ಷಕ್ಕೆ ಕಡಿಮೆಯಿಲ್ಲದ ಪರಿಹಾರ. ಪಾನಪಟ್ಟಿಯ ಪಕ್ಕದ ಭಜಿ ಗಾಡಿಯವನೂ ನೋಂದಣಿ ಮಾಡಿಸಬೇಕು. ಲೈಸೆನ್ಸಿನ 14 ಅಂಕಿಗಳ ಸಂಖ್ಯೆ 2022ರ ಜನವರಿ 1ರಿಂದ ಬಿಲ್ಲಿನ ಮೇಲೆಯೂ ಇರಬೇಕು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಕೆಟ್ಟ ಸಂಯುಕ್ತಗಳು ಕೂಡುತ್ತ ಹೋಗುತ್ತವೆ. ಅವು ನೂರಕ್ಕೆ 25 ಮೀರಿದ ಎಣ್ಣೆಯನ್ನು 2018ರ ಜುಲೈ 1ರಿಂದ ಬಳಸುವಂತಿಲ್ಲ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಬೆಚ್ಚನೆಯ ಸ್ಥಿತಿಯಲ್ಲಿ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಜೀವಾಣುಗಳು ಪೀಳಿಗೆಯ ಮೇಲೆ ಪೀಳಿಗೆ ಬೆಳೆಯುತ್ತವೆ. ಸೊಲ್ಲಾಪುರದ ಬೇಸಿಗೆಯಲ್ಲಿ ಅಡುಗೆಮನೆಯ ಗಾಳಿಯೇ ಆ ಬೆಚ್ಚನೆಯ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಸೊಲ್ಲಾಪುರ ವಿಜಯಪುರ ಹೆದ್ದಾರಿಯ ಢಾಬೆಗಳ ಹಿತ್ತಲಿಗೆ ನಮ್ಮಲ್ಲಿ ಎಷ್ಟು ಜನ ಇಣುಕಿದ್ದೇವೆ? ಮುಂದಿನ ದೀಪಗಳನ್ನು ನೋಡಿ ವಾಹನ ನಿಲ್ಲಿಸುತ್ತೇವೆ. ಕೈ ತೊಳೆಯುವ ಜಾಗ, ತಾಟು ತೊಳೆಯುವ ನೀರು, ಕಡಾಯಿಯ ಎಣ್ಣೆಯ ಬಣ್ಣ, ಈ ಮೂರನ್ನು ನೋಡಲು ಎರಡು ನಿಮಿಷ ಸಾಕು. ನಮ್ಮ ಊರುಗಳ ಹುಡುಗರೇ ಈಗ ಸೊಲ್ಲಾಪುರ, ಪುಣೆಗಳಲ್ಲಿ ಹೋಟೆಲು ನಡೆಸುತ್ತಿದ್ದಾರೆ. ಅಡುಗೆಮನೆಯನ್ನು ತೋರಿಸಪ್ಪಾ ಎಂದರೆ ಕೆಲವರು ಹೆಮ್ಮೆಯಿಂದ ಕರೆದೊಯ್ಯುತ್ತಾರೆ, ಕೆಲವರು ಈಗ ಗಡಿಬಿಡಿ ಇದೆ, ಸರ್, ಎನ್ನುತ್ತಾರೆ. ಶಿಕ್ಷಕನ ಕಣ್ಣಿಗೆ ಎರಡನೆಯ ಉತ್ತರದ ಅರ್ಥ ಕೂಡಲೇ ಆಗುತ್ತದೆ, ಗೃಹಪಾಠ ಬರೆಯದ ಹುಡುಗನೂ ಇದೇ ಧ್ವನಿಯಲ್ಲಿ ಮಾತಾಡುತ್ತಾನೆ.

ಉಣ್ಣುವವರ ಪ್ರಾಮಾಣಿಕತೆಯ ಪ್ರಶ್ನೆಯನ್ನು ಬಿಟ್ಟರೆ ಈ ಚರಿತ್ರೆ ಅರ್ಧವಾದೀತು. ತಿಂಗಳ ಲೆಕ್ಕವನ್ನು ಮುರಿದು ಊರಿಗೆ ಓಡಿಹೋದ ಮೆಂಬರರಿಂದ ಮುಚ್ಚಿದ ಖಾನಾವಳಿಗಳು ಸೊಲ್ಲಾಪುರದಲ್ಲಿ ಕಡಿಮೆಯಿಲ್ಲ. ಬೇಕಾದಷ್ಟು ಬಡಿಸುವ ತಾಟಿನಲ್ಲಿ ಅರ್ಧ ಚೆಲ್ಲಿ ಏಳುವವರು, ಪೂರ್ತಿ ಉಂಡು ಕೊನೆಯ ತುತ್ತಿಗೆ ಕೂದಲು ಸಿಕ್ಕಿತೆಂದು ಬಿಲ್ಲು ತಪ್ಪಿಸುವವರು, ಕಂಡ ಕೊಳೆಯನ್ನು ಮಾಲೀಕನಿಗೆ ಹೇಳದೆ ಊರೆಲ್ಲ ಹೇಳುವವರು, ಇವರೂ ಆ ನಂಬಿಕೆಯನ್ನು ಕೆಡಿಸಿದವರೇ. ಅಗ್ಗದ ಊಟವನ್ನೇ ಹುಡುಕಿ, ಆ ಬೆಲೆಗೆ ಒಳ್ಳೆಯ ಎಣ್ಣೆ ಹೇಗೆ ಬಂದೀತೆಂದು ಕೇಳದಿರುವುದೂ ಒಂದು ಬಗೆಯ ಜಾಣ ಕುರುಡು.

ಈ ಸಂಗತಿಯಲ್ಲಿ ಹೊಸ ಕಾಯಿದೆಯ 40ನೆಯ ಕಲಮನ್ನು ನಮ್ಮ ಸಂಘದ ಸದಸ್ಯರು ತಿಳಿದಿರಬೇಕು. 1954ರ ಕಾಯಿದೆಯ 12ನೆಯ ಕಲಮಿನಲ್ಲಿಯೂ ಇದೇ ಹಕ್ಕಿತ್ತು, ಬಳಸಿದವರನ್ನು ಮಾತ್ರ ನಾವು ಕಾಣಲಿಲ್ಲ. ಆಹಾರವನ್ನು ಕೊಂಡ ಸಾಮಾನ್ಯ ಗಿರಾಕಿಯೂ ಅದನ್ನು ನಿಗದಿಯಾದ ಶುಲ್ಕ ಕೊಟ್ಟು ಸರಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕ ಮರಳಿ ಸಿಗುತ್ತದೆ, ಮುಂದಿನ ಕ್ರಮವನ್ನು ಅಧಿಕಾರಿಗಳು ಕೈಗೊಳ್ಳುತ್ತಾರೆ. ಇದಕ್ಕೊಂದು ಷರತ್ತಿದೆ. ಕೊಳ್ಳುವಾಗಲೇ, ಇದನ್ನು ಪರೀಕ್ಷೆಗೆ ಕಳಿಸುತ್ತೇನೆ ಎಂದು ಮಾರುವವನ ಎದುರಿಗೇ ಹೇಳಬೇಕು.